ಮೂವತ್ತೊಂದನೆಯ ಆಟಗಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸತ್ತವನ ದನಿ ತೆಗೆದು ಬದುಕಿದ್ದವರನ್ನು ಅಂಜಿಸಲು ಹೋದ ಶಾಣ್ಯಾ ನಾನೇ.

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನಾಗ ದಿನಗೂಲಿ ಟೈಪಿಸ್ಟ್. ನನ್ನ ಟೈಪಿಂಗ್ ಕೋಳಿ ಕಾಳು ಹೆಕ್ಕಿದ ಹಾಗೆ. ಕೆಲಸ ಉಳಿದದ್ದು ಬಾಯಿಯಿಂದ. ಇಂಜಿನಿಯರರ ಕೆಮ್ಮು, ಏರಿ ಹತ್ತದ ಜೀಪು, ಸಾಹೇಬರ ಮುಂದೆ ತೊದಲುವ ನಾನು, ಎಲ್ಲರನ್ನೂ ಅಣಕಿಸಿ ನಗಿಸುತ್ತಿದ್ದೆ. ಅಣಕಕ್ಕೆ ಸಿಗದವರು ಭೀಮರಾಯ ಕಾಕಾ ಒಬ್ಬರೇ.

ಕಾಲುವೆಯಲ್ಲಿ ನೀರು ಎಷ್ಟು ಅಡಿ ಹರಿಯುತ್ತಿದೆಯೆಂದು ಅಳತೆಗಂಬ ಓದಿ ಹೇಳುವುದು ಕಾಕಾರ ಕೆಲಸ. ಆದರೆ ಅವರ ನೋಟ ವರ್ಷದಿಂದ ವರ್ಷಕ್ಕೆ ಅಂಚಿನಿಂದ ಕರಗುತ್ತಿತ್ತು. ದಂಡೆಯ ಮೇಲೆ ಕೂತು, ತಲೆ ವಾಲಿಸಿ, ನೀರಿನ ಸದ್ದು ಕೇಳಿ, "ಏಳೂ ಕಾಲು, ಬರ್ಕೋ" ಅನ್ನುತ್ತಿದ್ದರು. ನಾನು ಕೆಳಗಿಳಿದು ನೋಡಿದರೆ ಏಳೂ ಕಾಲೇ.

"ಹೆಂಗ್ರಿ ಕಾಕಾ?"

"ಅದು ಹೇಳ್ತದ, ನಾ ಕೇಳ್ತೀನಿ. ನಿನ್ನ ಬಾಯಿ ಸುಮ್ಮನಿದ್ರ ನಿನಗೂ ಕೇಳ್ತದ."

ಅವರಿಗೆ ಒಂದೇ ಹುಚ್ಚು. ಹುಡುಗರಿದ್ದಾಗ ಬಬಲ್‌ಗಮ್ ಪೊಟ್ಟಣದಲ್ಲಿ ಬರುತ್ತಿದ್ದ ಕ್ರಿಕೆಟ್ ಆಟಗಾರರ ಕಾರ್ಡುಗಳು. ಒಟ್ಟು ನಲವತ್ತು. ಯಾದಗಿರಿಯ ಒಂದೇ ಓಣಿಯಲ್ಲಿ ಬೆಳೆದ ಗೆಳೆಯ ಶರಣಪ್ಪನೂ ಅವರೂ ಕೂಡಿ ಕಲೆಹಾಕಿದ್ದು. ಕಾರ್ಡುಗಳನ್ನು ಬೋರಲು ಹಾಕಿ ಜೋಡಿಸಿದರೆ ಹಿಂಬದಿಯಲ್ಲಿ ಒಂದು ದೊಡ್ಡ ಚಿತ್ರ: ಜನ ತುಂಬಿದ ಮೈದಾನ. ಮೂವತ್ತೊಂದನೆಯದು ಮಾತ್ರ ಇರಲಿಲ್ಲ. ಅಷ್ಟು ಜನರ ನಡುವೆ ಆ ತೂತಿನಿಂದ ಕೆಳಗಿನ ನೆಲದ ಕಪ್ಪು ಶಹಾಬಾದಿ ಫರ್ಸಿಕಲ್ಲು ಕಾಣುತ್ತಿತ್ತು. ನೋಡುತ್ತ ಕೂತರೆ, ಅಷ್ಟೂ ಜನ ಆಟ ಬಿಟ್ಟು ಅದರೊಳಗೇ ಇಣುಕುತ್ತಿದ್ದಾರೆ ಅನಿಸುತ್ತಿತ್ತು. ಕಾಕಾ ಅಲ್ಲಿ "೩೧" ಎಂದು ಬರೆದ ಚೀಟಿ ಇಡುತ್ತಿದ್ದರು.

ಶರಣಪ್ಪನಿಗೆ ಸುರಪುರದಲ್ಲಿ ಸೈಕಲ್ ಅಂಗಡಿ. ಒಂದು ದಿನ ಬಸ್ಸಿನವರ ಕೈಯಲ್ಲಿ ಮಾತು ಕಳಿಸಿದ್ದನಂತೆ: "ಮೂವತ್ತೊಂದು ಸಿಕ್ಕದ, ಬಾ." ಕಾಕಾ ಹೋಗಿ ಮುಟ್ಟಿದಾಗ ಬಾಗಿಲಲ್ಲಿ ಜನ ನೆರೆದಿದ್ದರು, ಎದೆನೋವೆಂದು ಕೂತವನು ಎದ್ದಿರಲಿಲ್ಲ. ಅಂಗಡಿಯೆಲ್ಲ ಜಾಲಾಡಿದರೂ ಕಾರ್ಡು ಸಿಗಲಿಲ್ಲ. ಅವನ ಹೆಂಡತಿ ನೆನಪಿಗೆಂದು ಅವನ ಸೈಕಲ್ ಕೊಟ್ಟಳು. ಅದು ಕಾಕಾರ ಗುಡಿಸಲ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿತ್ತು.

"ಕಣ್ಣು ಪೂರ್ತಿ ಹೋಗೂದ್ರೊಳಗ ಒಮ್ಮೆ ತುಂಬಿದ್ದು ನೋಡಬೇಕೋ ತಮ್ಮಾ," ಅನ್ನುತ್ತಿದ್ದರು.

ಶರಣಪ್ಪನನ್ನು ನಾನು ಕಂಡವನಲ್ಲ. ಆದರೆ ಅವನ ಮುಂದಿನ ಹಲ್ಲು ಮುರಿದಿತ್ತು, ಯಾರನ್ನಾದರೂ "ಸಾಹುಕಾರ" ಎಂದು ಕರೆದರೆ ಸಣ್ಣ ಸೀಟಿ ಹೊರಡುತ್ತಿತ್ತು ಎಂದು ಕಾಕಾರೇ ಹೇಳಿದ್ದರು. ನನ್ನಂಥವನಿಗೆ ಅಷ್ಟು ಸಾಕಲ್ಲ.

ಬೇಸಿಗೆ. ಕಾಲುವೆಗೆ ನೀರು ನಿಲ್ಲಿಸಿದ್ದರು. ಮಟಮಟ ಮಧ್ಯಾಹ್ನ, ಒಂದು ಸದ್ದಿಲ್ಲ. ಕಾಕಾ ಗುಡಿಸಲೊಳಗೆ ಬೆನ್ನು ತಿರುಗಿಸಿ ಕೂತು ಕಾರ್ಡುಗಳನ್ನು ಬೆರಳಿನಿಂದ ಸವರಿ ಜೋಡಿಸುತ್ತಿದ್ದರು. ಬಾಗಿಲಲ್ಲಿ ನಿಂತು, ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟು ಅಂದೆ: "ಸಾಹುಕಾರ..."

ಕಾಕಾ ತಿರುಗಿದರು. ಮುಖದಲ್ಲಿದ್ದದ್ದು ಹೆದರಿಕೆಯಲ್ಲ, ಹಿಗ್ಗು. ನೋಟ ನನ್ನ ಹೆಗಲ ಮೇಲಿಂದ ಆಚೆ ಹೋಯಿತು. ಪಾಪ, ನಾನು ಎಲ್ಲಿರುವೆನೆಂದು ಕಾಣುತ್ತಿಲ್ಲ ಅಂದುಕೊಂಡೆ. ಮುಂದೆ ಹೇಳಲು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ನುಂಗಿದೆ.

ಕಾಕಾ, ನೀರಿಗೆ ಕಿವಿಗೊಡುವ ಹಾಗೆ, ತಲೆ ವಾಲಿಸಿದರು.

"ಹೌದೇನು? ಸೀಟಿನ ಬುಡಕ?"

ಎದ್ದು, ಗೋಡೆ ತಡವುತ್ತ ಹೊರಗೆ ಬಂದು, ಸೈಕಲ್ಲಿನ ಸೀಟಿನ ಚರ್ಮ ಎಳೆದರು. ಒಳಗೆ, ಹಳೆಯ ಟ್ಯೂಬಿನ ರಬ್ಬರಿನಲ್ಲಿ ಸುತ್ತಿದ ಕಾರ್ಡು. ಮೂವತ್ತೊಂದು.

"ಕಳ್ಳ ಮಗ. ಮಳ್ಯಾಗ ತೋಯಬಾರದಂತ ಸುತ್ಯಾನ ನೋಡು," ಎಂದು ನಕ್ಕರು. ಆಮೇಲೆ ಒಳಗಿದ್ದ ತಮ್ಮ ಚೀಟಿಯನ್ನು ತಂದು ಅದೇ ರಬ್ಬರಿನಲ್ಲಿ ಸುತ್ತಿ ಸೀಟಿನೊಳಗೆ ಇಟ್ಟರು. "ಒಂದು ತಗೊಂಡ್ರ ಒಂದು ಇಡಬೇಕು. ನಮ್ಮಿಬ್ಬರ ರೂಲು."

ಒಳಗೆ ಹೋಗಿ ಕಾರ್ಡು ಸೇರಿಸಿ, ತುಂಬಿದ ಮೈದಾನವನ್ನು ಅವರು ಮೂಗು ತಾಗುವಷ್ಟು ಬಗ್ಗಿ ನೋಡಿದರು. ನಾನು ಒಳಗೆ ಹೋಗಲೇ ಇಲ್ಲ.

ಮಳೆಗಾಲದೊಳಗೆ ಅವರ ಕಣ್ಣು ಪೂರ್ತಿ ಹೋಯಿತು. ಕೆಲಸ ಬಿಟ್ಟು ಯಾದಗಿರಿಗೆ ಹೊರಟ ದಿನ ಬಸ್ಸಿಗೆ ಹತ್ತಿಸಿದವನು ನಾನು. ಆಮೇಲೆ ಅವರನ್ನು ನೋಡಲಿಲ್ಲ. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ಶರಣಪ್ಪನ ದನಿಯನ್ನು ನಾನು ಮತ್ತೆ ತೆಗೆದಿಲ್ಲ. ಯಾರಾದರೂ ಒತ್ತಾಯ ಮಾಡಿದರೆ ಮೊದಲು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ, ಆಮೇಲೆ ಬೇರೆ ಯಾರನ್ನಾದರೂ ಅಣಕಿಸುತ್ತೇನೆ.

ಅಂದು ಬಸ್ಸಿನ ಕಿಟಕಿಯ ಕೆಳಗೆ ನಿಂತು, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಹೇಳಿಬಿಟ್ಟಿದ್ದೆ: "ಕಾಕಾ, ತಪ್ಪಾತ್ರಿ. ಅವತ್ತು ಬಾಗಲದಾಗ ಸಾಹುಕಾರ ಅಂದಾಂವ ನಾನ್ರಿ."

ಕಾಕಾ ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಹುಡುಕಿ ಸವರಿದರು.

"ಅದು ನನಗ ಗೊತ್ತಿಲ್ಲೇನೋ ಹುಚ್ಚಾ? ನೀ ಅಂದದ್ದು ಅದೊಂದ ಮಾತು. ಸೀಟಿನ ಬುಡಕ ಅದ ಅಂದಾಂವ ನಿನ್ನ ಹಿಂದ ನಿಂತಿದ್ದ."