ಆಂಥೂಲಾಳ ಹೆಸರಿನ ಗೋಧಿ

ಅಲೆಕ್ಸಾಂಡ್ರಿಯಾದ ಇಬ್ರಾಹಿಮೀಯ ಬಡಾವಣೆಯ ನಮ್ಮ ಕಟ್ಟಡದಲ್ಲಿ ಫೋತಿನಿಯದು ಸರಿಯಾಗಿ ನನ್ನ ತಲೆಯ ಮೇಲಿನ ಮನೆ. ಅವಳ ಕಾಲಿಗೆ ಚಕ್ರ. ಹಗಲೆಲ್ಲ ಬಟ್ಟೆಯಂಗಡಿಯಲ್ಲಿ ನಿಂತು ದುಡಿದು ಬಂದರೂ ಒಂದು ಕಡೆ ಕೂರುವವಳಲ್ಲ. ಹುಟ್ಟಿದ್ದು ಈ ಊರಿನಲ್ಲೇ, ನಮ್ಮ ಗ್ರೀಸನ್ನು ಕಣ್ಣಾರೆ ಕಂಡವಳಲ್ಲ. ಆದರೂ ಅಲ್ಲಿನ ಅಡುಗೆಯ ಹುಚ್ಚು ನೆತ್ತಿಗೇರಿತ್ತು. ಭಾನುವಾರ ಬಂತೆಂದರೆ ಏನಾದರೊಂದು ಹೊಸ ಪ್ರಯೋಗ. ಆಕ್ಟೋಪಸ್ ಮೆತ್ತಗಾಗಲೆಂದು ಅದನ್ನು ಮೆಟ್ಟಿಲಿಗೆ ಬಡಿದ ಸದ್ದಿಗೆ, ಯಾರೋ ಬಾಗಿಲು ಒಡೆಯುತ್ತಿದ್ದಾರೆಂದು ಕಾವಲುಗಾರ ಇದ್ರೀಸ್ ದೊಣ್ಣೆ ಹಿಡಿದು ಓಡಿಬಂದಿದ್ದ. ಇನ್ನೊಮ್ಮೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಎಳೆದ ಹಿಟ್ಟಿನ ಹಾಳೆಗಳನ್ನು ತಾಯಿಯ ಮಂಚದ ಮೇಲೇ ಒಣಹಾಕಿದ್ದರಿಂದ ಆ ತಾಯಿ ಮಧ್ಯಾಹ್ನವೆಲ್ಲ ಕುರ್ಚಿಯಲ್ಲಿ ತೂಕಡಿಸಬೇಕಾಯಿತು.

ಆ ತಾಯಿ ಆಂಥೂಲಾ, ಗ್ರೀಸಿನ ಕಾಸೋಸ್ ದ್ವೀಪದಿಂದ ಬಂದವಳು. ಮಗಳು ಮಾಡಿದ್ದನ್ನು ಒಂದು ದಿನವೂ ಬಾಯಿಗಿಟ್ಟವಳಲ್ಲ. ಬ್ರೆಡ್ಡು, ನಾಲ್ಕು ಆಲಿವ್ ಕಾಯಿ ಮುಂದಿಟ್ಟುಕೊಂಡು, "ನಂಗೆ ಹಸಿವಿಲ್ಲ. ಕೆಳಗಿನ ಮನೆಗೆ ಕೊಡು, ಅವರು ಏನು ಕೊಟ್ರೂ ತಿಂತಾರೆ" ಅನ್ನುತ್ತಿದ್ದಳು. ಕೆಳಗಿನ ಮನೆಯೆಂದರೆ ನಾನು. ಆ ಮುದುಕಿಯ ಹಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಫೋತಿನಿ ಮಾತ್ರ ಮುಂದಿನ ಭಾನುವಾರ ಮತ್ತೆ ತಟ್ಟೆ ಹಿಡಿದು ಅವಳ ಮುಂದೆ ನಿಂತಿರುತ್ತಿದ್ದಳು.

ಅಕ್ಟೋಬರಿನಲ್ಲಿ ಆಂಥೂಲಾ ತೀರಿಕೊಂಡಳು. ಫೋತಿನಿ ಅಳಲಿಲ್ಲ. ಪಾತ್ರೆ ತೊಳೆದಳು, ಕಿಟಕಿ ಒರೆಸಿದಳು, ಪರದೆ ಒಗೆದಳು, ಒಗೆದದ್ದನ್ನೇ ಮತ್ತೆ ಒಗೆದಳು. ಅವಳ ಹೆಜ್ಜೆ ಸಪ್ಪಳ ಕೇಳಿ ಕೇಳಿ ನನಗೇ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ನಲವತ್ತನೇ ದಿನದ ಪ್ರಾರ್ಥನೆಗೆ ಸತ್ತವರ ಹೆಸರಿನ ಗೋಧಿ ಬೇಯಿಸಿ ಚರ್ಚಿಗೆ ಒಯ್ಯಬೇಕು. ನಮ್ಮವರಲ್ಲಿ ಅರ್ಧ ಜನಕ್ಕೆ ಅದನ್ನು ಮಾಡಿಕೊಡುವವಳು ಸ್ಮರಾಗ್ದಾ ಅಜ್ಜಿ. ಅವಳೇ ಬಂದು ಹೇಳಿದಳು, "ನಾನು ಮಾಡ್ಕೊಡ್ತೀನಿ ಬಿಡೆ. ಇದಕ್ಕೆ ತಾಳ್ಮೆ ಬೇಕು. ನಿನ್ನ ಕೈಲಾಗೋ ಕೆಲಸ ಅಲ್ಲ."

"ಇಲ್ಲ ಅಜ್ಜಿ, ನಾನೇ ಮಾಡ್ತೀನಿ."

ಅಜ್ಜಿ ಹೋದ ಮೇಲೆ ಫೋತಿನಿ ನನ್ನ ತೋಳು ಹಿಡಿದುಕೊಂಡಳು. "ಅಮ್ಮನಿಗೆ ಅಂತ ಮಾಡೋದು ಇದೊಂದೇ ಉಳಿದಿರೋದು ಅಕ್ಕ. ಇದನ್ನಾದ್ರೂ ಸರಿಯಾಗಿ ಮಾಡ್ಬೇಕು. ಬೇಡ ಅನ್ನೋಕೆ ಈ ಸಲ ಅವಳಿಲ್ಲ."

ಶನಿವಾರ ಬೆಳಿಗ್ಗೆ ಗೋಧಿ ಬೆಂದಿತು, ಬಿಳಿ ಬಟ್ಟೆಯ ಮೇಲೆ ಹರವಿದ್ದೂ ಆಯಿತು. ಇನ್ನು ಮರುದಿನದವರೆಗೆ ಅದರ ತಂಟೆಗೆ ಹೋಗಬಾರದು. ಕಾಳು ಒಣಗದಿದ್ದರೆ ಮೇಲೆ ಹಾಕುವ ಸಕ್ಕರೆ ನೀರಾಗುತ್ತದೆ. ಅವತ್ತು ಸಮುದ್ರದಿಂದ ಒದ್ದೆ ಗಾಳಿ ಬೇರೆ. ನಾನು ಮೇಲೆ ಹೋದಾಗ ಅವಳು ಕಾಳಿನಲ್ಲಿ ಕೈಯಾಡಿಸುತ್ತಿದ್ದಳು. ಫ್ಯಾನು ಹಾಕುವಳು, ಆರಿಸುವಳು, ಕಿಟಕಿ ತೆಗೆಯುವಳು, ಮುಚ್ಚುವಳು.

"ಮುಟ್ಟಬೇಡ ಕಣೇ. ಅದರ ಪಾಡಿಗೆ ಅದನ್ನ ಬಿಡು."

"ಅದನ್ನ ಬಿಟ್ಟು ನಾನೇನು ಮಾಡ್ಲಿ ಅಕ್ಕ?"

ಸಂಜೆಯಾಗುವಷ್ಟರಲ್ಲಿ ಬಾದಾಮಿ, ದ್ರಾಕ್ಷಿ, ದಾಳಿಂಬೆ ಎಲ್ಲ ಬೆರೆಸಿ ಮುಗಿಸಿದ್ದಳು. ಸಕ್ಕರೆ ಪುಡಿಯ ಡಬ್ಬಿ ಕೈಗೆತ್ತಿಕೊಂಡಾಗ, ಬೆಳಿಗ್ಗೆ ಹಾಕಿದರಾಯಿತು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಕಾಯೋಕಾಗಲ್ಲ ಅಕ್ಕ" ಎಂದು ಸುರಿದೇಬಿಟ್ಟಳು. ಅದರ ಮೇಲೆ ತಾಯಿಯ ಹೆಸರಿನ ಮೊದಲಕ್ಷರವನ್ನು ಬಾದಾಮಿಯಲ್ಲಿ ಜೋಡಿಸಿದಳು. ನೋಡಲು ಚೆನ್ನಾಗಿಯೇ ಇತ್ತು.

ಬೆಳಿಗ್ಗೆ ಸಕ್ಕರೆ ಒದ್ದೆ ಸುಣ್ಣದಂತಾಗಿತ್ತು. ಅಕ್ಷರ ಒಂದು ಬದಿಗೆ ಜಾರಿ ಏನೆಂದು ಓದಲಾಗುತ್ತಿರಲಿಲ್ಲ. ಮತ್ತೆ ಮಾಡಲು ಹೊತ್ತಿಲ್ಲ. ಟ್ರಾಮಿನಲ್ಲಿ ಸೀಟು ಖಾಲಿಯಿದ್ದರೂ ಅವಳು ತಟ್ಟೆ ಹಿಡಿದು ನಿಂತೇ ಬಂದಳು.

ಪ್ರಾರ್ಥನೆ ಮುಗಿಯಿತು. ಜನ ಒಬ್ಬೊಬ್ಬರಾಗಿ ಬಂದು ಒಂದೊಂದು ಚಮಚ ತಿಂದು, "ದೇವರು ಆಂಥೂಲಾನ ಕ್ಷಮಿಸಲಿ" ಎಂಬ ವಾಡಿಕೆಯ ಮಾತು ಹೇಳಿ ಮುಖ ನೋಡದೆ ಸರಿದರು. ಸ್ಮರಾಗ್ದಾ ಅಜ್ಜಿ ಮಾತ್ರ ಸರಿಯಲಿಲ್ಲ. ನಿಂತಲ್ಲೇ ನಿಧಾನಕ್ಕೆ ಅಗಿದಳು.

"ಒದ್ದೆಮುದ್ದೆ" ಎಂದಳು. "ನಿಮ್ಮಮ್ಮ ಇದ್ದಿದ್ರೆ ತಟ್ಟೆ ಸಮೇತ ನಿನ್ನ ಆಚೆ ಕಳಿಸ್ತಿದ್ಳು."

ಇದೇನು ಈ ಹೊತ್ತಿನಲ್ಲಿ ಆಡುವ ಮಾತೇ ಎಂದು ನನಗೆ ರೇಗಿಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಫೋತಿನಿಯೇ ತಲೆಯಾಡಿಸಿದಳು.

"ಹೌದು ಅಜ್ಜಿ, ಕಳಿಸ್ತಿದ್ಳು." "ಒಂದೇ ಒಂದು ಸಲ ಬಂದು ಬೈದು ಹೋಗು ಅನ್ನಿ ಅವಳಿಗೆ. ತಿನ್ನೋದೇನೂ ಬೇಡ. ಬೈದು ಹೋಗ್ಲಿ, ಸಾಕು."

ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಅಲ್ಲೇ ಬರಿನೆಲದ ಮೇಲೆ ಕೂತುಬಿಟ್ಟಳು. ಅಜ್ಜಿಯೂ ಮಂಡಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತಳು.