ಮಾತಿಗೆ ಮೊದಲು ಏಳುವ ಕೈ

ಮಾಧುರಿ ಮೇಡಂ ಬಾಯಿ ತೆರೆಯುವ ಮೊದಲೇ ಅವರ ಕೈ ಏಳುತ್ತದೆ. ಅದು ಬಾಲ್ಯದ ರೂಢಿ. ಮನೆಯಲ್ಲಿ ಬಾಗಲಕೋಟೆಯ ಕನ್ನಡ, ಶಾಲೆಯಲ್ಲಿ ಮರಾಠಿ. ಉತ್ತರ ಗೊತ್ತಿದ್ದರೂ ಅದು ಮರಾಠಿಯಲ್ಲಿ ಕೂಡಿಬರುವಷ್ಟರಲ್ಲಿ ಇನ್ಯಾರೋ ಹೇಳಿಬಿಡುತ್ತಿದ್ದರು. ಅದಕ್ಕೇ ಮೊದಲು ಕೈ ಎತ್ತಿ ಜಾಗ ಹಿಡಿಯುವುದು, ಆಮೇಲೆ ಮಾತು ಹುಡುಕುವುದು. ಈಗ ಮರಾಠಿಯಲ್ಲೇ ಅರ್ಥಶಾಸ್ತ್ರ ಕಲಿಸುತ್ತಾರೆ, ರಿಕ್ಷಾದವನ ಜೊತೆ ಜಗಳವನ್ನೂ ಆಡುತ್ತಾರೆ. ಕೈ ಮಾತ್ರ ಇನ್ನೂ ಆ ಶಾಲೆಯ ಬೆಂಚಿನಲ್ಲೇ ಕುಳಿತಿದೆ.

ಅವರ ವಿದ್ಯಾಪೀಠದ ಅರ್ಥಶಾಸ್ತ್ರ ವಿಭಾಗಕ್ಕೆ ಎರಡು ಆವರಣ: ಊರ ನಡುವಿನ ಸದಾಶಿವ ಪೇಠೆಯಲ್ಲಿ ಹಗಲು ತರಗತಿ, ದೂರದ ನಿಗಡಿಯಲ್ಲಿ ದುಡಿಯುವವರಿಗೆ ಸಂಜೆ ತರಗತಿ. ಮಾಧುರಿಯವರು ಕಲಿಸುವುದು ನಿಗಡಿಯಲ್ಲಿ. ಎರಡನ್ನೂ ಪೇಠೆಯಲ್ಲೇ ಒಂದು ಮಾಡುವ ಠರಾವು ಬಂತು. ಅಧ್ಯಾಪಕರ ಅಭಿಪ್ರಾಯ ಬೇಕೆಂದು ಸಭೆ ಕರೆದರು. ಮುಖ್ಯಸ್ಥರಾದ ಮಂದಾರ ಸರ್ ಠರಾವು ಓದಿ, "ಅನುಮೋದಿಸುವವರು?" ಎನ್ನುವಷ್ಟರಲ್ಲಿ ಮಾಧುರಿಯವರ ಕೈ ಮೇಲಿತ್ತು. ನಿಗಡಿಯ ಮಕ್ಕಳ ಗತಿ ಏನು ಎಂದು ಅವರು ಕೇಳಬೇಕಿತ್ತು.

"ವಾಹ್, ನಿಗಡಿಯವರೇ ಅನುಮೋದಿಸಿದರು!" ಎಂದರು ಮಂದಾರ ಸರ್.

ಚಪ್ಪಾಳೆ ಬಿತ್ತು. ಅದರ ಹಿಂದೆಯೇ ಚಹಾ ಬಂತು.

ಮನೆಯಲ್ಲಿ ಇದನ್ನು ಕೇಳಿ ಗಂಡ ಚನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಾ, ಕೇಳಾಕ ಕೈ ಎತ್ತಿದಮ್ಯಾಲೆ ಬಾಯಿನೂ ತೆಗೀಬೇಕಿಲ್ಲೇನ?"

"ತೆಗೀತಿದ್ದೆರೀ. ಚಹಾ ಬಂತು."

"ಖರೇ ಹೇಳು, ನಿನಗೂ ಪೇಠನ ಬೇಕಾಗಿತ್ತು ಹೌದಿಲ್ಲೋ? ದಿನಾ ಲೋಕಲ್ ಗಾಡ್ಯಾಗ ಜೋತಾಡೂದು ತಪ್ಪತದ."

ಮಾಧುರಿ ಲಟ್ಟಣಿಗೆ ಎತ್ತಿಕೊಂಡರು. ಮನೆ ಇದ್ದದ್ದು ಪೇಠೆಯಲ್ಲೇ. ಕೈ ಎದ್ದದ್ದು ಮಕ್ಕಳಿಗಾಗಿಯೋ, ತನಗಾಗಿಯೋ? ಚಪಾತಿ ಲಟ್ಟಿಸುತ್ತ, ಹಿಟ್ಟು ಮೆತ್ತಿದ ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು.

ಮರುದಿನ ನಿಗಡಿಯಲ್ಲಿ ಯಶ್ಮಿತಾ ಅಡ್ಡ ನಿಂತಳು. ಕರಾವಳಿಯಿಂದ ಬಂದ ಅಪ್ಪನ ಹೋಟೆಲಿನಲ್ಲಿ ಹಗಲೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಸಂಜೆ ಓದಲು ಬರುವ ಹುಡುಗಿ.

"ಮೇಡಂ, ಇನ್ನು ಪೇಠೆಗೇ ಬರ್ಬೇಕಂತೆ, ಹೌದಾ? ಅಷ್ಟು ದೂರ ಅಪ್ಪ ಕಳಿಸುದಿಲ್ಲ." ಆಮೇಲೆ ತಾನೇ ನಕ್ಕಳು. "ಸಭೆಯಲ್ಲಿ ನೀವಿದ್ದೀರಲ್ಲ, ಬಿಡಿ. ನಂಗೆ ಹೆದರಿಕೆ ಇಲ್ಲ."

ಆ ಸಂಜೆ ಪಾಠದ ನಡುವೆ ಮಾಧುರಿ ಒಂದೇ ಉದಾಹರಣೆಯನ್ನು ಮತ್ತೆ ಮತ್ತೆ ಹೇಳಿದರು.

ಮುಂದಿನ ಸಭೆಯಲ್ಲಿ ಮಂದಾರ ಸರ್ ಹಿಂದಿನ ಸಭೆಯ ನಡಾವಳಿ ಓದಿ, ಆಕ್ಷೇಪ ಇದೆಯೇ ಎಂದು ಕೇಳಿದರು. ಈ ಸಲ ಮಾಧುರಿ ಕೈಯನ್ನು ಸೆರಗಿನಲ್ಲಿ ಅವುಚಿಕೊಂಡು ಎದ್ದು ನಿಂತರು.

"ಸರ್, ಅಂದು ನಾನು ಕೈ ಎತ್ತಿದ್ದು ಪ್ರಶ್ನೆ ಕೇಳಲಿಕ್ಕೆ."

"ಅಂದರೆ ನಿಮ್ಮ ವಿರೋಧ ಇದೆಯೇ?"

"ತಿಳಿಯುತ್ತಿಲ್ಲ ಸರ್. ನನಗೆ ಪೇಠೆ ಹತ್ತಿರ, ನನ್ನ ತರಗತಿಯ ಮಕ್ಕಳಿಗೆ ನಿಗಡಿ ಹತ್ತಿರ. ಅವರನ್ನು ಕೇಳದೆ ನಾನು ಅನುಮೋದಿಸಲಾರೆ."

"ಹಾಗಾದರೆ ಅನುಮೋದಿಸುವವರು ಯಾರು?"

ಎಲ್ಲರೂ ಪಕ್ಕದವರ ಕೈ ನೋಡಿದರು. ಒಂದೂ ಏಳಲಿಲ್ಲ. ನಿಗಡಿಯ ತರಗತಿಯನ್ನು ಕೇಳಿ ಬರುವತನಕ ಠರಾವನ್ನು ಬದಿಗಿಟ್ಟರು. ಕೇಳಿ ಬರುವ ಕೆಲಸ ಮಾಧುರಿಯವರ ಪಾಲಿಗೇ ಬಿತ್ತು.

ನಿಗಡಿಗೆ ಹೋಗುವ ಸಂಜೆಯ ಲೋಕಲ್ ರೈಲಿನಲ್ಲಿ ಕೂರಲು ಜಾಗವಿರಲಿಲ್ಲ. ಗೆದ್ದೆನೋ ಸೋತೆನೋ ತಿಳಿಯದೆ ಮಾಧುರಿ ಅದೇ ಕೈಯನ್ನೆತ್ತಿ ಮೇಲಿನ ಹಿಡಿಕೆ ಹಿಡಿದುಕೊಂಡರು. ನಿಗಡಿಗೆ ಇಳಿಯುವ ಆಕುರ್ಡಿ ನಿಲ್ದಾಣದವರೆಗೂ ಜೋತಾಡಿಕೊಂಡೇ ಹೋದರು.