ಗ್ರೀಕರ ಹಾವು, ನಮ್ಮಕ್ಕನ ಹುಳ

ಪಾಂಡವಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನನಗೆ ಹಳೇ ಗ್ರೀಕರೆಂದರೆ ಹುಚ್ಚು. ಕಂಡಕಂಡದ್ದಕ್ಕೆಲ್ಲ ಹಾವಿನ ಹೆಸರು ಅಂಟಿಸಿದ ಜನ ಅವರು. ದಂಟಿನ ಮೇಲೆ ಮಚ್ಚೆಯಿದ್ದ ಗೆಡ್ಡೆಗಿಡ ‘ಡ್ರಾಕೋಂಟಿಯೋನ್’, ಅಂದರೆ ಸರ್ಪದ ಗಿಡ. ಮುಳ್ಳಿನಲ್ಲಿ ವಿಷವಿದ್ದ ಮೀನು ‘ಡ್ರಾಕೋನ್’, ಸಾಕ್ಷಾತ್ ಸರ್ಪವೇ. ಮಂಡಲದ ಹಾವಿಗೆ ‘ಎಖಿಸ್’ ಅನ್ನುತ್ತಿದ್ದರು. ಬೀಜ ಅದರ ತಲೆಯಂತಿದ್ದ ಗಿಡಕ್ಕೆ ‘ಎಖಿಯೋನ್’. ತಲೆ ಹೋಲುತ್ತದೆಂದು ಆ ಗಿಡವೇ ಹಾವು ಕಡಿತಕ್ಕೆ ಮದ್ದು ಎಂದೂ ನಂಬಿದ್ದರು. ಇದನ್ನೆಲ್ಲ ಹೇಳುವಾಗ, ಹೆಸರಿಟ್ಟವನು ನಾನೇ ಎಂಬಂತೆ ಎದೆ ಉಬ್ಬುತ್ತಿತ್ತು. ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು.

ಶೀಳನೆರೆ ಕಡೆಯ ಹಳ್ಳಿಯಲ್ಲಿ ಹಸು ಕಟ್ಟಿಕೊಂಡಿರುವ ನನ್ನ ಅಕ್ಕ ಇದಕ್ಕೆ ತದ್ವಿರುದ್ಧ. ಅವಳ ಬಾಯಲ್ಲಿ ಹಾವೇ ಇಲ್ಲ, ‘ಹುಳ’ ಅಷ್ಟೆ. ಅದು ಕಡಿಯುವುದೂ ಇಲ್ಲ, ‘ಮುಟ್ಟುತ್ತದೆ’. ಹೆಸರು ಹಿಡಿದು ಕರೆದರೆ ಹಾವು ಬರುತ್ತದೆ, ಕಡಿದ ಮೇಲೆ ಹೆಸರು ಹಿಡಿದರೆ ವಿಷ ಏರುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ. ಹಾವುರಾಣಿ ಕಂಡರೆ ಅಕ್ಕನಿಗೆ ಬರೀ ‘ರಾಣಿ’, ಬೇಲಿಯ ಹಾವುಮೆಕ್ಕೆ ಬಳ್ಳಿ ಬರೀ ‘ಮೆಕ್ಕೆ’. ಹೋದಾಗಲೆಲ್ಲ ನಾನಿದನ್ನು ಆಡಿಕೊಂಡು ನಗುತ್ತಿದ್ದೆ. ಗ್ರೀಕರ ಕಥೆ ಹೇಳಿದ್ದಕ್ಕೆ, ಪಾಪ ಅವರಿಗೆ ಬೇರೆ ಕೆಲಸ ಇರಲಿಲ್ಲವೇನೋ ಅಂದಿದ್ದಳು.

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ, ಕಬ್ಬಿನ ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಕ್ಕನ ಕಾಲಿಗೆ ಹಾವು ಕಡಿಯಿತು. ಸರಿದುಹೋದದ್ದನ್ನು ಪಕ್ಕದಲ್ಲಿದ್ದ ನಾನೂ ಕಂಡೆ: ಕೊಳಕುಮಂಡಲ. ಅವಳನ್ನು ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಬೇರೆ ಸೀಮೆಯವರು, ಹೊಸಬರು. ಏನು ಕಡಿದದ್ದು ಎಂದು ಕೇಳಿದರು.

ನನ್ನ ಬಾಯಿಗೆ ಗ್ರೀಕೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅಕ್ಕನ ಕಾಲು ಊದುತ್ತಿತ್ತು. ಹೆಸರು ಹಿಡಿದು ವಿಷ ಏರಿಬಿಟ್ಟರೆ ಎಂದು ನಿಜಕ್ಕೂ ಹೆದರಿದೆ.

“ಉಳ ಮುಟ್ಬುಟ್ಟದೆ ಸಾರ್,” ಅಂದೆ.

ಕಾಲಿಗೆ ಮೆತ್ತಿದ್ದ ಕೆಸರಿನಲ್ಲಿ ಹಲ್ಲಿನ ಗುರುತು ಕಾಣುತ್ತಿರಲಿಲ್ಲ. ಕಂಬಳಿಹುಳವೋ ಏನೋ ಅಂದುಕೊಂಡ ಡಾಕ್ಟರು ತುರಿಕೆಗೆ ಇಂಜೆಕ್ಷನ್ ಬರೆಯತೊಡಗಿದರು. ತಡೆಯಲು ಬಾಯಿ ತೆರೆದೆ. ಮತ್ತೆ ‘ಹುಳ’ವೇ ಬಂತು.

ಮಲಗಿದ್ದಲ್ಲಿಂದಲೇ ಅಕ್ಕ ಡಾಕ್ಟರ ಕೋಟಿನ ತುದಿ ಹಿಡಿದೆಳೆದಳು. ಹುಟ್ಟಿದಾಗಿನಿಂದ ಆಡದ ಮಾತು ಆಡಿದಳು: “ಆವು ಕನಪ್ಪ, ಕೊಳಕ್‌ಮಂಡ್ಲದಾವು. ಸರ್ಯಾಗಿ ಬರ್ಕೊ. ಇವ್ನು ಓದ್ದೋನು, ಯೋಳಕ್ಕೆ ಎದರ್ತಾವ್ನೆ.”

ಡಾಕ್ಟರು ಚೀಟಿ ಹರಿದು ಬೇರೆ ಬರೆದರು. ಮದ್ದು ಹತ್ತಿತು, ಅಕ್ಕ ಉಳಿದಳು. ಮನೆಗೆ ಬಂದ ದಿನದಿಂದಲೇ ಮತ್ತೆ ‘ಹುಳ’ ಶುರುವಾಯಿತು. ಆಡಿಕೊಳ್ಳುವ ಮುಖ ಮಾತ್ರ ನನಗೆ ಉಳಿದಿಲ್ಲ.

ಮೊನ್ನೆ ಹಿತ್ತಲ ಬೇಲಿಗೆ ಹಬ್ಬಿದ್ದ ಹಾವುಮೆಕ್ಕೆ ಬಳ್ಳಿ ತೋರಿಸಿ, ಇದರ ಹೆಸರೇನು ಮೇಷ್ಟ್ರೇ ಎಂದು ಕೇಳಿದಳು.

“ಮೆಕ್ಕೆ,” ಅಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.